ಸರಿಮಾಡುವ ಮೊದಲಿನ ರೀಡಿಂಗ್ ಎಲ್ಲಿ?

ಅಳತೆಯ ಉಪಕರಣಗಳು ಎಷ್ಟು ಸರಿ ತೋರಿಸುತ್ತವೆ ಎಂದು ಪರೀಕ್ಷಿಸುವ ಪೀಣ್ಯದ ಒಂದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ನಾನು ತೂಕದ ವಿಭಾಗ ನೋಡಿಕೊಳ್ಳುತ್ತೇನೆ. ಆದರೆ ಹೆಚ್ಚಿನ ಕೆಲಸ ಹೊರಗೇ. ಜಿಗಣಿ, ಬೊಮ್ಮಸಂದ್ರ, ಹಾರೋಹಳ್ಳಿ ಕಡೆಯ ಔಷಧ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬುಗಳಿಗೆ, ಅಲ್ಲಿನ ಬ್ಯಾಲೆನ್ಸುಗಳನ್ನು, ಅಂದರೆ ಸೂಕ್ಷ್ಮ ತಕ್ಕಡಿಗಳನ್ನು, ಪರೀಕ್ಷಿಸಲು ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಹೋಗುತ್ತೇನೆ. "ಬ್ಯಾಲೆನ್ಸನ್ನೇ ನಿಮ್ಮಲ್ಲಿಗೆ ಕಳಿಸ್ತೀವಿ ಸಾರ್" ಅನ್ನುವವರಿಗೆ ಬೇಡ ಅನ್ನುತ್ತೇನೆ. ಅದು ಕೂತಿರುವ ಟೇಬಲ್ಲು, ಮೇಲಿನ ಏಸಿ ಗಾಳಿ, ಪಕ್ಕದ ಯಂತ್ರದ ಅದುರು ಇವೆಲ್ಲ ಅದರ ಜೊತೆ ಪೀಣ್ಯಕ್ಕೆ ಬರುವುದಿಲ್ಲ ಅಲ್ವಾ?

ದೂರದ ಊರಿಂದ ತಂದ ಬ್ಯಾಲೆನ್ಸ್ ಆದರೆ ಇನ್ನೊಂದು ತೊಡಕಿದೆ. ಎಲೆಕ್ಟ್ರಾನಿಕ್ ಬ್ಯಾಲೆನ್ಸ್ ನಿಜವಾಗಿ ಅಳೆಯುವುದು ತಟ್ಟೆಯ ಮೇಲೆ ಬೀಳುವ ಬಲವನ್ನು. ಬೆಂಗಳೂರು ಭೂಮಧ್ಯರೇಖೆಗೆ ದೆಹಲಿಗಿಂತ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ಗುರುತ್ವ ದೆಹಲಿಗಿಂತ ಸಾವಿರಕ್ಕೆ ಒಂದು ಪಾಲಿನಷ್ಟು ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ಬ್ಯಾಲೆನ್ಸನ್ನು ತಂದು ಹಾಗೇ ಇಟ್ಟರೆ, 200 ಗ್ರಾಂ ಬಟ್ಟು ಸುಮಾರು 0.2 ಗ್ರಾಂ ಕಡಿಮೆ ತೂಗುತ್ತದೆ. 0.1 ಮಿಲಿಗ್ರಾಂ ತನಕ ತೋರಿಸುವ ಯಂತ್ರದಲ್ಲಿ ಇದು ಸಣ್ಣ ಮಾತಲ್ಲ.

ಹೋದ ತಕ್ಷಣ ತೂಗಲು ಶುರು ಮಾಡುವುದಿಲ್ಲ. ಪೆಟ್ಟಿಗೆ ತೆರೆದು ಬ್ಯಾಲೆನ್ಸಿನ ಪಕ್ಕದಲ್ಲೇ ಇಡುತ್ತೇನೆ. ಕಾರಿನ ಬಿಸಿ ಹಿಡಿದ ಬಟ್ಟಿನ ಸುತ್ತ ಗಾಳಿ ಮೇಲಕ್ಕೇಳುತ್ತದೆ, ರೀಡಿಂಗ್ ನಿಲ್ಲುವುದೇ ಇಲ್ಲ. ನಾವು ಒಯ್ಯುವ ಇ2 ಎಂಬ ಅತಿ ನಿಖರ ದರ್ಜೆಯ 100 ಗ್ರಾಂ ಬಟ್ಟಿನ ತೂಕದಲ್ಲಿ ತಪ್ಪಿಗೆ ಇರುವ ಅವಕಾಶ ಆಚೀಚೆ 0.16 ಮಿಲಿಗ್ರಾಂ ಅಷ್ಟೇ. ಬರಿಗೈಯಲ್ಲಿ ಮುಟ್ಟುವ ಮಾತೇ ಇಲ್ಲ, ಚಿಮಟದಲ್ಲೇ ಎತ್ತಬೇಕು. ಕಾಯುವ ಹೊತ್ತಿನಲ್ಲಿ ರಸಮಟ್ಟದ ಗುಳ್ಳೆ ನಡುವೆ ಇದೆಯೇ, ಬ್ಯಾಲೆನ್ಸ್ ರಾತ್ರಿಯಿಂದ ಆನ್ ಇತ್ತೇ ಎಂದು ನೋಡುತ್ತೇನೆ. ಕರೆಂಟ್ ಉಳಿಸಲೆಂದು ದಿನಾ ಆಫ್ ಮಾಡುವ ಲ್ಯಾಬುಗಳೂ ಇವೆ. ಅಂಥಲ್ಲಿ ಬ್ಯಾಲೆನ್ಸ್ ಬಿಸಿಯೇರಿ ಸ್ಥಿರವಾಗಲು ಕಾಯುತ್ತಾ ಆ ಬೆಳಿಗ್ಗೆ ಸುಮ್ನೆ ಹೋಗುತ್ತದೆ.

ಜಗಳ ಶುರುವಾಗುವುದು ಆಮೇಲೆ. "ನೀವು ಬರ್ತೀರಿ ಅಂತ ಆಗಲೇ ಕ್ಯಾಲ್ ಬಟನ್ ಒತ್ತಿಟ್ಟಿದೀವಿ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಬಟನ್ ಒತ್ತಿದರೆ ಬ್ಯಾಲೆನ್ಸ್ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನಿನ್ನೆಯವರೆಗೆ ಅದು ಎಷ್ಟು ತಪ್ಪು ತೋರಿಸುತ್ತಿತ್ತು ಅನ್ನುವುದು ಅಲ್ಲಿಗೆ ಅಳಿಸಿಹೋಯಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬೆಲೆಬಾಳುವುದು ಆ ಮೊದಲಿನ ರೀಡಿಂಗೇ. ಅದು ಮಿತಿ ಮೀರಿದ್ದರೆ ಕಳೆದ ಕ್ಯಾಲಿಬ್ರೇಷನ್‌ನಿಂದ ಈಚೆಗೆ ತೂಗಿದ್ದನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ. ಯಾರಿಗೂ ಅದು ಬೇಡ. "ಮೊದಲು ಸರಿಮಾಡಿ, ಆಮೇಲೆ ಬರ್ಕೊಳಿ ಸಾರ್, ಆಡಿಟ್ ಇದೆ" ಎಂದು ಎಷ್ಟೋ ಮಂದಿ ಕೇಳಿದ್ದಾರೆ. ನಾನು ಒಪ್ಪುವುದಿಲ್ಲ. ಬ್ಯಾಲೆನ್ಸನ್ನು ಹೊಂದಿಸಿದ್ದರೆ, ಅದಕ್ಕೆ ಮೊದಲಿನದು, ಆಮೇಲಿನದು ಎರಡೂ ಫಲಿತಾಂಶ ಸಿಕ್ಕಿರುವಾಗ ಎರಡನ್ನೂ ಸರ್ಟಿಫಿಕೇಟಿನಲ್ಲಿ ಕೊಡಬೇಕು ಎಂದು ಇಂಥ ಲ್ಯಾಬುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 17025 ಹೇಳುತ್ತದೆ. ಮೊದಲಿನದು ಸಿಗದಂತೆ ಮಾಡಿಟ್ಟರೆ ನನಗೆ ಉಳಿಯುವುದು ಅರ್ಧ ಸರ್ಟಿಫಿಕೇಟ್.

ಉಳಿದದ್ದು ತಾಳ್ಮೆಯ ಕೆಲಸ. ಒಂದೇ ಬಟ್ಟನ್ನು ಹತ್ತು ಸಲ ಇಟ್ಟು ತೆಗೆಯುವುದು. ತಟ್ಟೆಯ ನಡುವೆ ಮತ್ತು ನಾಲ್ಕು ಬದಿಗೆ ಇಟ್ಟು ನೋಡುವುದು. ಸೊನ್ನೆಯಿಂದ ಪೂರ್ತಿ ತೂಕದವರೆಗೆ ಹಂತಹಂತವಾಗಿ ಏರಿಸುವುದು, ಇಳಿಸುವುದು.

ಸರ್ಟಿಫಿಕೇಟ್ ಕೈಗೆ ಬಂದಾಗ ಹೆಚ್ಚಿನವರು ಕೊನೆಯಲ್ಲಿ ಸಹಿ ಇದೆಯೇ ಎಂದು ನೋಡಿ ಫೈಲಿಗೆ ಹಾಕುತ್ತಾರೆ. ಪಾಸ್, ಫೇಲ್ ಎಲ್ಲಿದೆ ಎಂದು ಫೋನ್ ಬರುತ್ತದೆ. ನಾನು ಕೊಡುವುದು ತಪ್ಪಿನ ಪ್ರಮಾಣ ಮತ್ತು ಆ ಅಂಕಿ ಎಷ್ಟು ಆಚೀಚೆ ಇರಬಹುದು ಎಂದು ಹೇಳುವ ಅನ್‌ಸರ್ಟನಿಟಿ. ಅದು ಸಾಕೇ ಅನ್ನುವುದು ನೀವು ಏನು ತೂಗುತ್ತೀರಿ ಅನ್ನುವುದರ ಮೇಲಿದೆ. ಅಮೆರಿಕದ ಔಷಧ ಮಾನದಂಡಗಳ ಗ್ರಂಥವಾದ ಯುಎಸ್‌ಪಿಯ 41ನೇ ಅಧ್ಯಾಯದ ಲೆಕ್ಕ ಹಿಡಿದರೆ, 0.1 ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸಿನಲ್ಲಿ, ಅದು ಎಷ್ಟೇ ಚೆನ್ನಾಗಿದ್ದರೂ, 82 ಮಿಲಿಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ಅದೂ ಮಾದರಿಯದೇ ತೂಕ. ಬೀಕರಿನ ಭಾರ ಸೇರಿಸಿಕೊಂಡು 82 ದಾಟಿತು ಅಂದರೆ ನಡೆಯುವುದಿಲ್ಲ. ಹೋಲಿಕೆಗೆ ಬಳಸುವ ಸ್ಟ್ಯಾಂಡರ್ಡ್ ವಸ್ತುವನ್ನು 20 ಮಿಲಿಗ್ರಾಂ ತೂಗುವವರು ಇನ್ನೂ ಸೂಕ್ಷ್ಮ ಬ್ಯಾಲೆನ್ಸ್ ಕೊಳ್ಳಬೇಕು. ಬ್ಯಾಲೆನ್ಸಿಗೆ ನಾನು ಅಂಟಿಸುವ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಅವರ ನೆರವಿಗೆ ಬರುವುದಿಲ್ಲ.

ಸ್ಟಿಕ್ಕರಿನಲ್ಲಿ ಮುಂದಿನ ಕ್ಯಾಲಿಬ್ರೇಷನ್ ದಿನಾಂಕ ಹಾಕಿಕೊಡಿ ಎಂದೂ ಕೇಳುತ್ತಾರೆ. ಗ್ರಾಹಕರು ಒಪ್ಪಿ ತಿಳಿಸದೆ ಲ್ಯಾಬ್ ತಾನಾಗಿ ಅವಧಿ ಸೂಚಿಸುವಂತಿಲ್ಲ. ದಿನಕ್ಕೆ ನೂರು ಸಲ ತೂಗುವ ಬ್ಯಾಲೆನ್ಸ್, ವಾರಕ್ಕೊಮ್ಮೆ ತೂಗುವ ಬ್ಯಾಲೆನ್ಸ್ ಎರಡಕ್ಕೂ ಒಂದೇ ವರ್ಷದ ಗಡುವು ಯಾಕೆ ಬೇಕು? ವರ್ಕ್ ಆರ್ಡರಿನಲ್ಲೇ ಅವಧಿ ಬರೆದುಕೊಡಿ ಎಂದು ಕೇಳುತ್ತೇನೆ. ಬರೆದುಕೊಟ್ಟರೆ ದಿನಾಂಕ ಹಾಕುತ್ತೇನೆ, ಇಲ್ಲದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ.