ಕೆನ್ನೆಯ ಒಳಪದರದಿಂದ ಮೂತ್ರನಾಳಕ್ಕೆ ತೇಪೆ

ನಾಲಿಗೆಯಿಂದ ಒಮ್ಮೆ ಕೆನ್ನೆಯ ಒಳಗೋಡೆ ಸವರಿ ನೋಡಿ. ನುಣುಪು, ಸದಾ ಒದ್ದೆ, ಅಲ್ವಾ? ಕಿರಿದಾದ ಮೂತ್ರನಾಳಕ್ಕೆ ತೇಪೆಯಾಗುವುದು ಇದೇ ಪದರ. ಒದ್ದೆಯಲ್ಲೇ ಇದ್ದು ಅಭ್ಯಾಸವಾದ್ದರಿಂದ ಮೂತ್ರ ತಾಕಿದರೂ ಕೆಡುವುದಿಲ್ಲ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಈ ನಾಳ ಸುಮಾರು 25 ಸೆಂ.ಮೀ. ಉದ್ದ. ಅಗಲ ಮಾತ್ರ 3-4 ಮಿ.ಮೀ. ಕಲ್ಲು ಬಹಳ ದಿನ ಸಿಕ್ಕಿಕೊಂಡಿದ್ದರೆ, ಹಿಂದಿನ ಆಪರೇಷನ್‌ನಲ್ಲಿ ಪೆಟ್ಟಾಗಿದ್ದರೆ, ಕ್ಷಯ ತಗುಲಿದ್ದರೆ ಗಾಯ ಮಾಯುವಾಗ ನಾಳ ಬಿಗಿದುಕೊಳ್ಳುತ್ತದೆ. ಮೂತ್ರ ಮೇಲೆ ನಿಂತು ಕಿಡ್ನಿ ಊದುತ್ತದೆ. ಕೆಲವರಿಗೆ ನೋವೇ ಇರುವುದಿಲ್ಲ, ಆದರೂ ಕಿಡ್ನಿ ಕೆಡುತ್ತಾ ಹೋಗುತ್ತದೆ. ಕಲ್ಲು ಹೋಯಿತೆಂದು ಸುಮ್ನಿರಬೇಡಿ, ವೈದ್ಯರು ಹೇಳಿದ ಸ್ಕ್ಯಾನ್ ಮಾಡಿಸಿ.

ಮೊದಲು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ನಾಳ ಎಲ್ಲಿಂದ ಎಲ್ಲಿಯವರೆಗೆ ಕಿರಿದಾಗಿದೆ ಎಂದು ನೋಡುತ್ತಾರೆ. ಚಿಕ್ಕ ಜಾಗವಾದರೆ ಕತ್ತರಿಸಿ ಜೋಡಿಸಿದರೆ ಸಾಕು. ಕೆಳಭಾಗದಲ್ಲಿದ್ದರೆ ಮೂತ್ರಕೋಶದ ಗೋಡೆಯನ್ನೇ ಮೇಲಕ್ಕೆ ತಂದು ಸೇರಿಸಬಹುದು. ಮೇಲ್ಭಾಗದಲ್ಲಿ ಉದ್ದಕ್ಕೆ ಕಿರಿದಾಗಿದ್ದರೆ ಎಳೆದು ಕಟ್ಟುವಂತಿಲ್ಲ, ಹೊಲಿಗೆ ಬಿಗಿಯಾಗಿ ರಕ್ತ ಓಡುವುದಿಲ್ಲ. ಅಲ್ಲಿಗೇ ತೇಪೆ ಬೇಕು.

ಅಡಿಕೆ, ಗುಟ್ಕಾ, ತಂಬಾಕು ಅಗಿಯುವ ಅಭ್ಯಾಸವಿದ್ದರೆ ಈ ಹಂತದಲ್ಲೇ ಹೇಳಿಬಿಡಿ, ಮುಚ್ಚಿಡಬೇಡಿ. ಅದರಿಂದ ಕೆನ್ನೆ ಗಡಸಾಗಿ ಬಾಯಿ ತೆರೆಯಲಾಗದಂತಾಗಿದ್ದರೆ ಆ ಪದರ ಉಪಯೋಗಕ್ಕೆ ಬರುವುದಿಲ್ಲ.

ಆಪರೇಷನ್ ದಿನ ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳುತ್ತಾರೆ. ಹಿಂಬದಿಯ ಗೋಡೆಯನ್ನು ಹಾಗೇ ಉಳಿಸುತ್ತಾರೆ. ಸೀಳಿನ ಅಳತೆಗೆ ಕೆನ್ನೆಯಿಂದ ಪಟ್ಟಿ ತೆಗೆಯುತ್ತಾರೆ, ಅಗಲ ಒಂದರಿಂದ ಒಂದೂವರೆ ಸೆಂ.ಮೀ. ಮೇಲಿನ ದವಡೆಹಲ್ಲಿನ ಎದುರು ಜೊಲ್ಲು ಒಸರುವ ಸಣ್ಣ ರಂಧ್ರವೊಂದಿದೆ, ಅದನ್ನು ಮುಟ್ಟದಂತೆ ಎಚ್ಚರ ವಹಿಸುತ್ತಾರೆ. ಪಟ್ಟಿಯ ಒಳಮೈಗೆ ಅಂಟಿದ ಕೊಬ್ಬನ್ನು ಕತ್ತರಿಯಿಂದ ತೆಗೆದು, ತಾನೇ ಕರಗುವ ನವಿರಾದ ದಾರದಿಂದ ಸೀಳಿನ ಅಂಚಿಗೆ ಹೊಲಿಯುತ್ತಾರೆ.

ಈಗ ಪಟ್ಟಿಗೆ ತನ್ನದೇ ರಕ್ತ ಇಲ್ಲ. ಮೊದಲ ಎರಡು ದಿನ ಸುತ್ತಲಿನ ಪಸೆಯಿಂದಲೇ ಬದುಕಬೇಕು. ಹಾಗಾಗಿ ಹೊಟ್ಟೆಯೊಳಗೆ ಜೋತುಬಿದ್ದಿರುವ ಕೊಬ್ಬಿನ ಪದರವನ್ನು ತಂದು ಸುತ್ತುತ್ತಾರೆ. ಅದರಿಂದ ಹೊಸ ರಕ್ತನಾಳಗಳು ಚಿಗುರಿ ಪಟ್ಟಿಯೊಳಗೆ ಇಳಿಯುತ್ತವೆ. ನನಗೆ ಇಡೀ ಆಪರೇಷನ್‌ನಲ್ಲಿ ಅತ್ಯಂತ ಬೆರಗು ಹುಟ್ಟಿಸುವುದು ಇದೇ.

ನಾಳದೊಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇರುತ್ತದೆ, ಎರಡು ತುದಿಯೂ ಸುರುಳಿ ಸುತ್ತಿಕೊಂಡಿರುತ್ತವೆ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರ ಸ್ವಲ್ಪ ಕೆಂಪಾಗುವುದು ಅದರಿಂದಲೇ. ಜ್ವರ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ಬಾಯಿಗೆ ಕೆಲವು ದಿನ ಖಾರ, ಬಿಸಿ ಬೇಡ. ಗಂಜಿ, ಮೊಸರನ್ನ ಸಾಕು.

ಸ್ಟೆಂಟನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ತೆಗೆಯುತ್ತಾರೆ. ತೆಗೆಯುವ ತಾರೀಖನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ಮನೆಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ.