ಕಾವಿಯಲ್ಲಿ ಅಜ್ಜಿಯ ಫೋಟೊ, ಮೇಳದ ಕರಪತ್ರ

ಹಳೇ ಸ್ಟುಡಿಯೊ ಫೋಟೊ, ಡೇರೆ ಕಟ್ಟಿ ಆಡುವ ಯಕ್ಷಗಾನ ಮೇಳದ ಕರಪತ್ರ, ದೇವರ ಕ್ಯಾಲೆಂಡರ್ ಎಲ್ಲವನ್ನೂ ಒಂದೇ ಕ್ಯಾನ್ವಾಸಿಗೆ ತಂದಾಗ ಅಚ್ಚಿನ ಬಣ್ಣವೇ ಗೆಲ್ಲುತ್ತಿತ್ತು, ಮನೆಯವರ ಮುಖ ಮಂಕಾಗುತ್ತಿತ್ತು. ಅದಕ್ಕೇ ಕಾವಿ ಹಿಡಿದೆ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಅದನ್ನು ಕೆರೆದು ಬಿಳಿ ಚಿತ್ರ ಮೂಡಿಸುವ ಕಲೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ಕಂಡವರಿಗೆ ಈ ಕೆಂಪು-ಬಿಳಿ ಗೊತ್ತು. ಇಲ್ಲಿ ಅಜ್ಜಿಯೂ ಕ್ಯಾಲೆಂಡರಿನ ಲಕ್ಷ್ಮಿಯೂ ಒಂದೇ ಮಣ್ಣಿನವರು.

ಹಲಗೆಗೆ 8 ಮಿ.ಮೀ. ಸಿಮೆಂಟ್ ಶೀಟ್ ಸಾಕು, ಒಂದೂವರೆ ಅಡಿಗೆ ಎರಡು ಅಡಿ. ಪ್ಲೈವುಡ್ ಬೇಡ, ನೀರು ಕುಡಿದು ಉಬ್ಬಿ ಗಾರೆಯನ್ನೇ ಎಬ್ಬಿಸುತ್ತದೆ. ಶೀಟನ್ನು ಒರಟಾಗಿ ಗೀರಿ ರಾತ್ರಿಯಿಡೀ ನೆನೆಸುತ್ತೇನೆ. ಚಿಪ್ಪಿನ ಸುಣ್ಣ ಕನಿಷ್ಠ ಒಂದು ತಿಂಗಳು ನೀರಿನಡಿ ಕೊಳೆತಿರಬೇಕು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಜರಡಿ ಹಿಡಿದ ಮರಳು, ಸ್ವಲ್ಪ ಬೆಲ್ಲದ ನೀರು. ಗಾರೆ 5 ಮಿ.ಮೀ. ದಪ್ಪ ಇರಲಿ. ಮರಳು ಮಾತ್ರ ಒಳನಾಡಿನ ಹಳ್ಳದ್ದೇ ಆಗಬೇಕು. ಕಾರವಾರದ ಕೋಡಿಬಾಗದ ಹತ್ತಿರ ಕಾಳಿ ನದಿಗೆ ಸಮುದ್ರದ ಉಪ್ಪು ನುಗ್ಗಿರುತ್ತದೆ. ಆ ಮರಳು ಹಾಕಿದರೆ ಎಷ್ಟೋ ದಿನದ ಮೇಲೆ ಕೆಂಪಿನ ಮೇಲೆ ಬಿಳಿ ಉಪ್ಪು ಅರಳುತ್ತದೆ.

ಗಾರೆ ಬೆರಳಿಗೆ ಅಂಟದಷ್ಟು ಬಿಗಿದು ಇನ್ನೂ ಹಸಿಯಿರುವಾಗಲೇ ಕೆಮ್ಮಣ್ಣು-ಸುಣ್ಣ ಸಮಪಾಲು ಕಲಸಿ ತೆಳ್ಳಗೆ ಬಳಿಯುತ್ತೇನೆ. ಸುಣ್ಣ ಹೆಚ್ಚಾದರೆ ಗುಲಾಬಿಯಾಗುತ್ತದೆ, ಮಣ್ಣು ಹೆಚ್ಚಾದರೆ ಕೈಗೆ ಬರುತ್ತದೆ. ರಂಗೋಲಿ ಪುಡಿಯ ಬಣ್ಣ ಸುಣ್ಣದಲ್ಲಿ ನಿಲ್ಲುವುದಿಲ್ಲ. ಕೈಗವಸು, ಕನ್ನಡಕ ಬಿಡಬೇಡಿ, ಸುಣ್ಣ ಕಣ್ಣನ್ನೇ ಸುಡುತ್ತದೆ.

ಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತೇನೆ. ಆಮೇಲೆ ಉಕ್ಕಿನ ಮೊನೆಯಿಂದ ಗೀರಿ, ಬಿಳಿ ಬೇಕಾದಲ್ಲಿ ಕೆಂಪು ಕೆರೆಯುವುದು. ಯಕ್ಷಗಾನ ವೇಷದ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಪಟ್ಟಿಗಳು ತಾವಾಗಿಯೇ ಒಲಿಯುತ್ತವೆ. ಕರಪತ್ರದ ಅಕ್ಷರ ಕಷ್ಟ: ಠ, ರ ಇವುಗಳ ಹೊಟ್ಟೆಯೊಳಗಿನ ಕೆಂಪು ಸಣ್ಣದಾದರೆ ಉದುರಿಬಿಡುತ್ತದೆ. ಒಂದು ಅಂಗುಲಕ್ಕಿಂತ ಚಿಕ್ಕ ಅಕ್ಷರ ನಾನು ಕೆರೆಯುವುದಿಲ್ಲ.

ನಿಜವಾದ ಪರೀಕ್ಷೆ ಮುಖದ್ದು. ಫೋಟೊದ ಬೂದು ನೆರಳಿಗೆ ಇಲ್ಲಿ ಜಾಗವಿಲ್ಲ. ಕೆನ್ನೆಯ ನೆರಳಿಗೆ 1 ಮಿ.ಮೀ. ಅಂತರದ ಓರೆ ಗೆರೆ ಎಳೆಯುತ್ತೇನೆ, ಕಣ್ಣಪಾಪೆಯ ಕೆಂಪು ಉಳಿಸಿ ಸುತ್ತಲಿನದನ್ನು ಕೆರೆದು ಬಿಳಿ ಮಾಡುತ್ತೇನೆ. ಮೂಗುತಿಗೆ ಒಂದೇ ಚುಕ್ಕಿ, ಜಾರಿದರೆ ತಿದ್ದಲಾಗದು. ಮಾಸಿಹೋದ ಭಾಗವನ್ನು ಊಹಿಸಿ ಗೀರುವುದನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಎಡಗೈ ಫೋಟೊದಲ್ಲೇ ಅಳಿಸಿದೆಯಾದರೆ ಹಲಗೆಯಲ್ಲೂ ಅಲ್ಲಿ ಬರೀ ಕೆಂಪೇ ಇರಲಿ. ಹಿಂದಿನ ಸ್ಟುಡಿಯೊ ಪರದೆಯ ಕಂಬ, ಮೆಟ್ಟಿಲು ಮಾತ್ರ ಖಚಿತವಾಗಿ ಕಾಣಲಿ. ನೆನಪಿನಲ್ಲೂ ಉಳಿಯುವುದು ಅವೇ.

ಗಾರೆ ಹಚ್ಚಿದ ಮೇಲೆ ಇದೆಲ್ಲ ಒಂದೇ ದಿನದ ಕೆಲಸ. ಮಾರ್ಚ್ ಬಿಸಿಲಲ್ಲಿ ಮೇಲ್ಪದರ ಬೇಗ ಗಟ್ಟಿಯಾಗಿ ಅಂಚು ಸಿಡಿಯುತ್ತದೆ, ಕೆಲಸ ಮಾಡದ ಭಾಗಕ್ಕೆ ಒದ್ದೆ ಬಟ್ಟೆ ಹೊದಿಸಬೇಕು. ಕೊನೆಗೆ ಹೊಳೆಯ ನುಣುಪು ಕಲ್ಲಿನಿಂದ ಒತ್ತಿ ಉಜ್ಜಿ, ಏಳು ದಿನ ನೆರಳಲ್ಲಿ ತೇವ ಆರದಂತೆ ಇಡುತ್ತೇನೆ.