ಮಂಜು, ಬಿಸಿಲು, ಹಂಡೆಯ ನೀರು: ಮುಖದ ಚರ್ಮಕ್ಕೆ ದಿನವೂ ಬೇಕಾದ ಆರೈಕೆ

ಡಿಸೆಂಬರ್‌ನ ಬೆಳಿಗ್ಗೆ ಸ್ವೆಟರ್ ತೊಟ್ಟು, ತಲೆಗೆ ವಸ್ತ್ರ ಬಿಗಿದುಕೊಂಡು ಮಂಜಿನಲ್ಲಿ ತೋಟಕ್ಕೆ ಇಳಿಯುವ ಹೆಣ್ಣುಮಕ್ಕಳೇ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನೆರಳಿಲ್ಲದ ಸಿಮೆಂಟಿನ ಕಣದಲ್ಲಿ ನಿಂತು ಕಾಫಿ ಹರವುತ್ತಾರೆ, ಸಂಜೆ ಒಲೆಯ ಮುಂದೆ ಕೂರುತ್ತಾರೆ. ಒಂದೇ ದಿನದಲ್ಲಿ ಒಣ ಚಳಿಗಾಳಿ, ನೆತ್ತಿಯ ಬಿಸಿಲು, ಸೌದೆಯ ಹೊಗೆ ಮೂರನ್ನೂ ತಡೆದುಕೊಳ್ಳಬೇಕಾದ ಕೊಡಗಿನ ಮುಖಗಳಿಗೆ ಹತ್ತಾರು ಬಾಟಲಿಗಳ ಆರೈಕೆ ಬೇಕಿಲ್ಲ. ಸರಿಯಾಗಿ ತೊಳೆಯುವುದು, ತೇವ ಉಳಿಸಿಕೊಳ್ಳುವುದು, ಬಿಸಿಲಿನಿಂದ ಕಾಯುವುದು, ಮಲಗುವ ಮುನ್ನ ಮತ್ತೊಮ್ಮೆ ತೊಳೆಯುವುದು, ಇಷ್ಟನ್ನು ಇದೇ ಕ್ರಮದಲ್ಲಿ ದಿನವೂ ಮಾಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಆದರೆ ಈ ನಾಲ್ಕರಲ್ಲಿ ನಮ್ಮ ಕಡೆ ಹೆಚ್ಚಾಗಿ ಬಿಟ್ಟುಹೋಗುವುದು ಮೂರನೆಯದು, ಮತ್ತು ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಮೊದಲು ತೊಳೆಯುವುದು

ಚಳಿಗಾಲದಲ್ಲಿ ಬಚ್ಚಲಿನ ಹಂಡೆಯಲ್ಲಿ ಕುದಿಯುವ ನೀರನ್ನು ಸ್ವಲ್ಪವೇ ತಣಿಸಿ ಮೈಗೆ ಹಾಕಿಕೊಳ್ಳುವ ಸುಖ ಬಲ್ಲವರಿಗೇ ಗೊತ್ತು. ಅದೇ ನೀರನ್ನು ಮುಖಕ್ಕೆ ಎರಚಿಕೊಂಡಾಗ ಚರ್ಮದ ಮೇಲ್ಪದರದಲ್ಲಿರುವ ಸಹಜ ಜಿಡ್ಡು ಕರಗಿ ಹೋಗುತ್ತದೆ. ಒಳಗಿನ ತೇವ ಆರಿಹೋಗದಂತೆ ತಡೆಯುವುದು ಈ ಜಿಡ್ಡೇ ಆದ್ದರಿಂದ, ಸ್ನಾನವಾಗಿ ಅರ್ಧ ಗಂಟೆಯೊಳಗೆ ಕೆನ್ನೆ ಬಿಗಿದು, ಮೂಗಿನ ಪಕ್ಕ ಬಿಳಿ ಹೊಟ್ಟು ಏಳುತ್ತದೆ. ಆದ್ದರಿಂದ ಮುಖಕ್ಕೆ ಬೇರೆ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರನ್ನು ಇಟ್ಟುಕೊಳ್ಳಬೇಕು.

ಮೈಗೆ ಹಚ್ಚುವ ಸೋಪು ಮುಖಕ್ಕೆ ಬೇಡ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸೋಪಿನದು 9ರಿಂದ 10, ಹಾಗಾಗಿ ಅದು ಚರ್ಮದ ಈ ಆಮ್ಲೀಯತೆಯನ್ನು ಕೆಡಿಸುತ್ತದೆ. ಒಣ ಚರ್ಮದವರು ಹೆಚ್ಚು ನೊರೆ ಬಾರದ ಸೌಮ್ಯ ಫೇಸ್‌ವಾಶ್ ಬಳಸಬಹುದು. ಜಿಡ್ಡು ಮತ್ತು ಮೊಡವೆ ಇರುವವರಿಗೆ ಸ್ಯಾಲಿಸಿಲಿಕ್ ಆಮ್ಲ ಇರುವಂಥದ್ದು ಹೊಂದುತ್ತದೆ. ಬೆರಳ ತುದಿಯಿಂದ ಅರ್ಧ ನಿಮಿಷ ಮೃದುವಾಗಿ ತಿಕ್ಕಿ, ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಬೇಕು.

ಮನೆಯಲ್ಲೇ ಸಿಗುವ ವಸ್ತುಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಫಿಪುಡಿಯಿಂದ ಮುಖ ತಿಕ್ಕುವ ಅಭ್ಯಾಸ ನಮ್ಮ ಜಿಲ್ಲೆಗೆ ಸಹಜವಾಗಿ ಬಂದಂತೆ ಕಂಡರೂ, ಅದರ ತರಿ ಮುಖದ ತೆಳು ಚರ್ಮವನ್ನು ಗೀರುತ್ತದೆ. ಮೊಡವೆ ಇದ್ದರಂತೂ ಅದು ಒಡೆದು ಕಲೆ ಉಳಿಯುತ್ತದೆ. ನಿಂಬೆರಸದ ಪಿಎಚ್ 2ರಷ್ಟು ಕೆಳಗಿರುವುದರಿಂದ ಅದು ಚರ್ಮವನ್ನು ಸುಡಬಲ್ಲದು. ಸಾಲದ್ದಕ್ಕೆ, ನಿಂಬೆ ಜಾತಿಯ ಹಲವು ಹಣ್ಣುಗಳ ರಸ ಮತ್ತು ಸಿಪ್ಪೆಯಲ್ಲಿರುವ ಕೆಲವು ರಾಸಾಯನಿಕಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಹೋಗದ ಕಂದು ಕಲೆ ಉಳಿಯುವುದುಂಟು. ಕಿತ್ತಳೆ ಸಿಪ್ಪೆಯ ಪುಡಿ ಹಚ್ಚಿಕೊಂಡು ಕಣಕ್ಕೆ ಹೋಗುವವರು ಇದನ್ನು ದಯವಿಟ್ಟು ಗಮನಿಸಬೇಕು.

ತೇವ ಆರುವ ಮುನ್ನ ಮಾಯಿಶ್ಚರೈಸರ್

ಮುಖ ಇನ್ನೂ ಸ್ವಲ್ಪ ಒದ್ದೆಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿದರೆ ಆ ನೀರಿನಂಶ ಚರ್ಮದಲ್ಲೇ ಉಳಿಯುತ್ತದೆ. ಗ್ಲಿಸರಿನ್ ಮತ್ತು ಸೆರಮೈಡ್ (ಚರ್ಮದಲ್ಲಿ ಸಹಜವಾಗಿರುವ ಒಂದು ಬಗೆಯ ಜಿಡ್ಡು) ಇರುವ, ಸುವಾಸನೆ ಬೆರೆಸದ ಕ್ರೀಮ್ ಚಳಿಗಾಲಕ್ಕೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುವಾಗ ಹಗುರವಾದ ಜೆಲ್ ಸಾಕಾಗುತ್ತದೆ. ತುಟಿಗೆ ಪೆಟ್ರೋಲಿಯಂ ಜೆಲ್ಲಿ ಸಾಕು. ತೆಂಗಿನೆಣ್ಣೆ ಕೈಕಾಲಿಗೆ ಹಿತವಾದರೂ, ಮೊಡವೆ ಬರುವ ಮುಖದಲ್ಲಿ ಅದು ರಂಧ್ರಗಳನ್ನು ಮುಚ್ಚಿ ಮೊಡವೆಯನ್ನು ಹೆಚ್ಚಿಸಬಹುದು. ಟೋನರ್ ಇಲ್ಲದಿದ್ದರೂ ಯಾವ ನಷ್ಟವೂ ಇಲ್ಲ.

ಮಂಜಿದ್ದರೂ ಸನ್‌ಸ್ಕ್ರೀನ್

ಬಿಸಿಲೇ ಕಾಣದ ಊರಿನಲ್ಲಿ ಸನ್‌ಸ್ಕ್ರೀನ್ ಯಾಕೆ ಎಂದು ಕೇಳುವವರು ಬಹಳ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ಎತ್ತರ 1,000 ಮೀಟರ್ ಏರಿದರೆ ಸೂರ್ಯನ ನೇರಳಾತೀತ ಕಿರಣಗಳ ಪ್ರಮಾಣ ಶೇಕಡ 10ರಷ್ಟು ಏರುತ್ತದೆ. ಗಾಳಿ ತಣ್ಣಗಿರುವುದರಿಂದ ಸುಡುವ ಅನುಭವವಾಗದು. ಆದರೆ ಬಿಸಿಲಿನ ಶಾಖ ಬೇರೆ, ನೇರಳಾತೀತ ಕಿರಣ ಬೇರೆ. ತೆಳುವಾದ ಮೋಡ ಮತ್ತು ಮಂಜಿನ ಮೂಲಕ ಈ ಕಿರಣಗಳ ದೊಡ್ಡ ಪಾಲು ದಾಟಿ ಬರುತ್ತದೆ. ಇವುಗಳಲ್ಲಿ ಯುವಿಎ ಎಂಬ ಬಗೆ ಕಿಟಕಿಯ ಗಾಜನ್ನೂ ದಾಟಿ, ಚರ್ಮದ ಆಳಕ್ಕಿಳಿದು ಸುಕ್ಕಿಗೂ ಕಪ್ಪು ಕಲೆಗೂ ಕಾರಣವಾಗುತ್ತದೆ. ಯುವಿಬಿ ಮೇಲ್ಪದರವನ್ನು ಸುಡುತ್ತದೆ.

ಆದ್ದರಿಂದ ಡಬ್ಬಿಯ ಮೇಲೆ ಎರಡು ಗುರುತುಗಳನ್ನು ನೋಡಬೇಕು. ಎಸ್‌ಪಿಎಫ್ ಎಂಬುದು ಮುಖ್ಯವಾಗಿ ಯುವಿಬಿಯಿಂದ ಸಿಗುವ ರಕ್ಷಣೆಯ ಅಳತೆ: 30 ಇದ್ದರೆ ಸುಮಾರು ಶೇಕಡ 97ರಷ್ಟು, 50 ಇದ್ದರೆ ಶೇಕಡ 98ರಷ್ಟು ತಡೆಯುತ್ತದೆ. ಎರಡರ ನಡುವೆ ಇಷ್ಟೇ ಅಂತರವಿರುವಾಗ ಹೆಚ್ಚಿನ ಅಂಕಿಗಾಗಿ ಹೆಚ್ಚು ಹಣ ತೆರುವುದಕ್ಕಿಂತ, 30ರದ್ದನ್ನೇ ಕೊಂಡು ಧಾರಾಳವಾಗಿ ಹಚ್ಚುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಯುವಿಎ ರಕ್ಷಣೆಗೆ ಪಿಎ ಎಂಬ ಅಕ್ಷರಗಳ ಮುಂದೆ ಮೂರು ಅಥವಾ ನಾಲ್ಕು ಕೂಡಿಸುವ ಚಿಹ್ನೆಗಳಿರಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಬರುವಷ್ಟು ಸನ್‌ಸ್ಕ್ರೀನ್ ಮುಖ ಮತ್ತು ಕತ್ತಿಗೆ ಬೇಕು. ಕಿವಿಯನ್ನೂ ಮರೆಯಬಾರದು. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ತೋಟದ ಕೆಲಸದ ನಡುವೆ ಎರಡು ಗಂಟೆಗೊಮ್ಮೆ ಎಂಬುದು ಕಷ್ಟವೆಂದು ನಾನೂ ಒಪ್ಪುತ್ತೇನೆ. ಸಿಲ್ವರ್ ಓಕ್, ಹಲಸಿನ ನೆರಳಿನಡಿ ಹಣ್ಣು ಕೊಯ್ಯುವಾಗ ಮರಗಳೇ ಒಂದಿಷ್ಟು ಕಾಯುತ್ತವೆ. ಕಣದ ಕೆಲಸದ ಹೊತ್ತು ಮಾತ್ರ ಹಾಗಲ್ಲ. ನೇರಳಾತೀತ ಕಿರಣಗಳು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ತೀವ್ರವಾಗಿರುತ್ತವೆ, ಕಾಫಿ ಒಣಗಿಸುವುದೂ ಅದೇ ಹೊತ್ತಿನಲ್ಲಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ಮಾರ್ಚ್‌ವರೆಗೆ ರೋಬಸ್ಟಾ ನಡೆಯುವ ಆ ತಿಂಗಳುಗಳಲ್ಲಿ ಕಣಕ್ಕೆ ಇಳಿಯುವ ಮುಂಚೆ ಒಮ್ಮೆ, ಊಟವಾಗಿ ಮುಖ ತೊಳೆದ ಮೇಲೆ ಇನ್ನೊಮ್ಮೆ ಹಚ್ಚಿಕೊಂಡು, ವಸ್ತ್ರದ ಮೇಲೆ ಅಗಲ ಅಂಚಿನ ಟೋಪಿ ಇಡುವುದನ್ನು ರೂಢಿಸಿಕೊಳ್ಳಬಹುದು. ವಸ್ತ್ರ ತಲೆಯನ್ನು ಕಾಯುತ್ತದೆ, ಕೆನ್ನೆ ಮತ್ತು ಮೂಗನ್ನಲ್ಲ. ಬಂಗು, ಅಂದರೆ ಮುಖದ ಮೇಲಿನ ಕಂದು ಮಚ್ಚೆ, ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಬಂಗು ಪುರುಷರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಬಸುರಿನಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಹಾರ್ಮೋನಿನ ಬದಲಾವಣೆಯಿಂದ ಅದು ಶುರುವಾಗಬಹುದು. ಬಿಸಿಲು ಅದನ್ನು ಗಾಢವಾಗಿಸುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ, ಈ ತೊಂದರೆ ಇರುವವರಿಗೆ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಾತ್ರಿ

ಮಲಗುವ ಮುನ್ನ ಸನ್‌ಸ್ಕ್ರೀನ್, ಬೆವರು, ಧೂಳು, ಒಲೆಯ ಹೊಗೆಯ ಅಂಶ ಎಲ್ಲವನ್ನೂ ಬೆಳಗಿನಂತೆಯೇ ತೊಳೆದು ಮಾಯಿಶ್ಚರೈಸರ್ ಹಚ್ಚಬೇಕು. ಮೇಕಪ್ ಇದ್ದರೆ ಮೊದಲು ಅದನ್ನು ಒರೆಸಿ ತೆಗೆದು, ಆಮೇಲೆ ತೊಳೆಯಬೇಕು. ಮೊಡವೆಗೆ ವೈದ್ಯರು ಅಡಾಪಲೀನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ವರ್ಗದ ಔಷಧ) ಬರೆದುಕೊಟ್ಟಿದ್ದರೆ ಅದರ ಹೊತ್ತು ಇದೇ: ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಆರಂಭದಲ್ಲಿ ದಿನ ಬಿಟ್ಟು ದಿನ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಯ್ಡ್ ಬಳಸಬಾರದು.

ನನಗೆ ತೀರ ನೋವು ಕೊಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ನಮ್ಮ ಚಿಕ್ಕಮ್ಮ ಬಂಗಿಗೆಂದು ಔಷಧದಂಗಡಿಯಲ್ಲಿ ಕೇಳಿ ತಂದ ಕ್ರೀಮನ್ನು ಎರಡು ವರ್ಷ ಹಚ್ಚಿದರು. ಮೊದಲ ತಿಂಗಳು ಮುಖ ಬೆಳ್ಳಗಾಯಿತು. ಕೊನೆಗೆ ಕೆನ್ನೆ ತೆಳುವಾಗಿ, ಕೆಂಪು ನರಗಳು ಎದ್ದು, ಬಿಸಿಲಿಗೆ ಹೋದರೆ ಉರಿ ತಾಳಲಾಗದಂತಾಯಿತು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬಿಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ, ಒಮ್ಮೆಲೇ ಬಿಟ್ಟಾಗ ಮುಖ ಉರಿದು ಊದಿಕೊಳ್ಳಬಹುದಾದ್ದರಿಂದ ಚರ್ಮವೈದ್ಯರನ್ನು ಕಂಡೇ ಬಿಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಬಳಸುತ್ತಿರುವ ಟ್ಯೂಬನ್ನು, ಅದು ಖಾಲಿಯಾಗಿದ್ದರೂ, ಜೊತೆಗೆ ಒಯ್ಯಿರಿ.